ಗಾಳಿ ಆಂಜನೇಯನ ಮುಂದೆ ತೇಲಿ ಹೋದ ಕವರ್ ಕೊನೆಗೆ ಎಲ್ಲಿ ಸೇರುತ್ತದೆ?

ಬಸವನಗುಡಿ ಟೀಚರ್

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೆಲವು ವಾರಗಳಿಂದ ಮನಸ್ಸಿನಲ್ಲೇ ಕೂತಿದೆ. ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಏಪ್ರಿಲ್ ರಜೆಯಲ್ಲಿ ಮಗಳನ್ನು ಕರೆದುಕೊಂಡು ಮರವಂತೆಗೆ ಹೋಗಿದ್ದೆ. ಬೆಳಗ್ಗೆ ಮರಳಿನಲ್ಲಿ ನಡೆಯುವಾಗ ಒಂದು ಕಡಲಾಮೆ ಸತ್ತು ಬಿದ್ದಿತ್ತು. ಮುಂಗಾಲಿಗೆ ಹಸಿರು ನೈಲಾನ್ ಬಲೆಯ ತುಂಡು ಸುತ್ತಿಕೊಂಡಿತ್ತು. ದಾರ ಚರ್ಮದೊಳಗೆ ಇಳಿದು, ಅಲ್ಲಿ ಕಾಲು ಅರ್ಧಕ್ಕರ್ಧ ತೆಳ್ಳಗಾಗಿತ್ತು. ಬಲೆಯ ಗಂಟುಗಳ ಮೇಲೆ ಸಣ್ಣ ಸಣ್ಣ ಚಿಪ್ಪುಗಳು ಬೆಳೆದಿದ್ದವು. ಅಂದರೆ ಆ ಬಲೆ ಬಹಳ ದಿನದಿಂದ ನೀರಿನಲ್ಲೇ ಇತ್ತು ಅಲ್ವಾ? ಅದನ್ನು ಎಳೆದುಕೊಂಡೇ ಆಮೆ ಎಷ್ಟು ದೂರ ಈಜಿತೋ ಏನೋ. ಪಕ್ಕದಲ್ಲೇ ಚಪ್ಪಲಿ, ಬಾಟಲಿ ಮುಚ್ಚಳ, ಗುಟ್ಕಾ ಚೀಟಿ, ಥರ್ಮೋಕೋಲ್ ಚೂರುಗಳು ಬಿದ್ದಿದ್ದವು.

ಮಗಳು ಕೇಳಿದಳು, "ಅಮ್ಮ, ಇದರಲ್ಲಿ ನಮ್ಮೂರಿನ ಕಸಾನೂ ಇದೆಯಾ?" ಇಲ್ಲ ಪುಟ್ಟಿ, ನಮ್ಮೂರಿಗೆ ಸಮುದ್ರ ಎಲ್ಲಿದೆ ಅಂದುಬಿಟ್ಟೆ.

ಬೆಂಗಳೂರಿಗೆ ಬಂದ ಮೇಲೆ ಮೇ ತಿಂಗಳ ಮೊದಲ ಜೋರು ಮಳೆ ಬಂತು. ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯ ದೇವಸ್ಥಾನದ ಹತ್ತಿರ ಬಸ್ಸು ನಿಂತಿತ್ತು. ಕಿಟಕಿಯಿಂದ ನೋಡಿದರೆ ಕಾಲುವೆ ತುಂಬಾ ಕವರ್‌ಗಳು. ನೀರಿಗಿಂತ ಅವೇ ಜಾಸ್ತಿ ಕಾಣುತ್ತಿದ್ದವು. ಎಲ್ಲಾ ಒಂದೇ ದಿಕ್ಕಿಗೆ ಓಡುತ್ತಿದ್ದವು. ಅವತ್ತಿನಿಂದ ಮಗಳಿಗೆ ಕೊಟ್ಟ ಉತ್ತರ ಸರಿಯಿತ್ತಾ ಅನ್ನುವ ಅನುಮಾನ. ಈ ನೀರು ಎಲ್ಲಿಗೆ ಹೋಗುತ್ತದೆ?

ನೀರಿನ ದಾರಿ

ಟೀಚರ್, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ಹತ್ತಿರವೇ ಶುರುವಾಗುತ್ತದೆ. ನೀವು ನೋಡಿದ್ದು ವೃಷಭಾವತಿ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದಕ್ಕೇ ಅದಕ್ಕೆ ಆ ಹೆಸರು. ಅದು ನದಿ. ನಾವು ಮೋರಿ ಅಂತ ಕರೆದು ಕರೆದು ಮೋರಿ ಮಾಡಿದ್ದೇವೆ.

ಬಸವನಗುಡಿಯಿಂದ ಹೊರಟ ನೀರು ಗಾಳಿ ಆಂಜನೇಯ, ನಾಯಂಡಹಳ್ಳಿ, ಕೆಂಗೇರಿ ದಾಟುತ್ತದೆ. ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಇಳಿಯುತ್ತದೆ. ಅಲ್ಲಿಂದ ಕನಕಪುರದ ಕಡೆ ಅರ್ಕಾವತಿ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಆಮೇಲೆ ಮೇಕೆದಾಟು, ಹೊಗೇನಕಲ್, ಮೆಟ್ಟೂರು, ಕಲ್ಲಣೈ. ಕೊನೆಗೆ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ.

ಊರಿನ ಪೂರ್ವದ ಇಳಿಜಾರಿನ ನೀರು ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಬಂದು ದಕ್ಷಿಣ ಪಿನಾಕಿನಿ ಸೇರುತ್ತದೆ. ಅದು ಹೊಸೂರು ಹತ್ತಿರದ ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ಕಡಲೂರಿನಲ್ಲಿ ಸಮುದ್ರಕ್ಕೆ ಬೀಳುತ್ತದೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿ, ದಿಬ್ಬದ ಮೇಲೆ ಕೂತಿದೆ. ಇಲ್ಲಿ ಯಾವ ಕಡೆ ಚೆಲ್ಲಿದರೂ ಕೆಳಗೆ ಇನ್ನೊಬ್ಬರ ಊರಿದೆ. ಎಲ್ಲಾ ಊರು ಮುಗಿದ ಮೇಲೆ ಸಮುದ್ರವಿದೆ.

ಕೆಂಗೇರಿ ಉಪನಗರ

ದಾರಿ ಸರಿಯಾಗಿದೆ. ಆದರೆ ಎರಡು ಮಾತು ಹೇಳಲೇಬೇಕು, ಯಾರೂ ಬೇಸರ ಮಾಡಿಕೊಳ್ಳಬೇಡಿ.

ಮರವಂತೆ ಇರುವುದು ಅರಬ್ಬೀ ಸಮುದ್ರದ ಕಡೆ. ನಮ್ಮ ನೀರು ಆ ಕಡೆ ಹರಿಯುವುದೇ ಇಲ್ಲ. ಆ ಆಮೆಯ ಕಾಲಿನ ಬಲೆ ಮೀನುಗಾರಿಕೆಯದ್ದು, ಬಸವನಗುಡಿಯದ್ದಲ್ಲ. ಪೆಸಿಫಿಕ್ ಸಾಗರದ ಮಧ್ಯೆ ತೇಲುವ ದೊಡ್ಡ ಕಸದ ರಾಶಿಯನ್ನು ಅಳೆದವರು 2018ರಲ್ಲಿ ಹೇಳಿದ್ದು, ಅದರ ತೂಕದಲ್ಲಿ ಶೇ. 46 ಭಾಗ ಬಲೆಗಳೇ ಅಂತ.

ಎರಡನೆಯದು, ಮಧ್ಯೆ ಇಷ್ಟೊಂದು ಅಣೆಕಟ್ಟುಗಳಿವೆ. ಬೈರಮಂಗಲದಲ್ಲೇ ಸಾಕಷ್ಟು ಕಸ ನಿಲ್ಲಬಹುದು. ಉಳಿದದ್ದು ಮೆಟ್ಟೂರು ಅಣೆಕಟ್ಟಿನಲ್ಲಿ ನಿಲ್ಲಬಹುದು. ಬೆಳ್ಳಂದೂರು ಕಡೆಯ ನೀರನ್ನು ಶುದ್ಧಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಅಂದ ಮೇಲೆ ಇಲ್ಲಿ ಎಸೆದ ಕವರ್ ಅಲ್ಲಿ ಆಮೆಯ ಬಾಯಿಗೆ ಹೋಗುತ್ತದೆ ಅನ್ನುವುದು ಎಷ್ಟು ನಿಜ? ನಾನು ಸುಮ್ನೆ ವಾದಕ್ಕೆ ಹೇಳುತ್ತಿಲ್ಲ. ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಕಡಲ ವಿದ್ಯಾರ್ಥಿನಿ

ಸರ್, ನಿಮ್ಮ ಪ್ರಶ್ನೆ ಸರಿಯಾಗಿದೆ. ನಾನು ಸಾಗರ ಜೀವಶಾಸ್ತ್ರ ಓದುತ್ತಿರುವವಳು, ಮನೆ ಯಶವಂತಪುರ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅಣೆಕಟ್ಟು ದೊಡ್ಡ ಕಸವನ್ನು ತಡೆಯುವುದು ನಿಜ. ಆದರೆ ಅಲ್ಲಿ ನಿಂತ ಕವರ್ ಹಾಗೇ ಉಳಿಯುವುದಿಲ್ಲ. ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಗರಿಗರಿಯಾಗುತ್ತದೆ. ಮುಟ್ಟಿದರೆ ಪುಡಿ. ಆ ಪುಡಿ ಇಲ್ಲದಂತೆ ಆಗಿಹೋಗುವುದಿಲ್ಲ, ಸಣ್ಣದಾಗುತ್ತಾ ಹೋಗುತ್ತದೆ ಅಷ್ಟೇ. 5 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಅದಕ್ಕೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಮಳೆ ಜಾಸ್ತಿಯಾಗಿ ಗೇಟು ಎತ್ತಿದ ದಿನ ಅದು ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಮೊದಲು ಕೆಲವೇ ದೊಡ್ಡ ನದಿಗಳು ಸಮುದ್ರಕ್ಕೆ ಪ್ಲಾಸ್ಟಿಕ್ ತರುತ್ತವೆ ಅಂದುಕೊಂಡಿದ್ದರು. 2021ರಲ್ಲಿ ಬಂದ ಲೆಕ್ಕ ಬೇರೆಯೇ ಹೇಳಿತು. ನದಿಗಳಿಂದ ಬರುವ ಪ್ಲಾಸ್ಟಿಕ್‌ನ ಶೇ. 80 ಭಾಗ ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ, ಅದರಲ್ಲೂ ಪಟ್ಟಣಗಳ ಮಧ್ಯೆ ಹರಿಯುವ ಸಣ್ಣ ನದಿಗಳ ಪಾಲು ದೊಡ್ಡದು ಅಂತ. ಕರಾವಳಿಯ ಪಟ್ಟಣಗಳಷ್ಟು ನಮ್ಮ ಪಾಲು ಇರಲಾರದು, ಅದನ್ನು ಒಪ್ಪುತ್ತೇನೆ. ಹಾಗಂತ ನಾವು ಲೆಕ್ಕದಿಂದ ಹೊರಗೆ ಇಲ್ಲ.

ಈಗ ಆಮೆಯ ವಿಷಯ. ಕವರ್ ನೀರಿನಲ್ಲಿ ಜೆಲ್ಲಿ ಮೀನಿನ ಹಾಗೆ ಕಾಣುತ್ತದೆ, ಅದಕ್ಕೇ ತಿನ್ನುತ್ತದೆ ಅಂತ ಎಲ್ಲರೂ ಕೇಳಿದ್ದೇವೆ. ಆದರೆ ಕಣ್ಣು ಮಾತ್ರ ಮೋಸ ಹೋಗುವುದಿಲ್ಲ. ಕೆಲವು ದಿನ ಸಮುದ್ರದಲ್ಲಿ ತೇಲಿದ ಪ್ಲಾಸ್ಟಿಕ್ ಮೇಲೆ ಪಾಚಿ, ಸೂಕ್ಷ್ಮಜೀವಿಗಳು ಕಟ್ಟಿಕೊಳ್ಳುತ್ತವೆ. ಅದಕ್ಕೆ ಊಟದ ವಾಸನೆ ಬರುತ್ತದೆ. 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೊಟ್ಟಿಯಲ್ಲಿ ಸಾಕಿದ ಕಡಲಾಮೆಗಳಿಗೆ ಬೇರೆ ಬೇರೆ ವಾಸನೆ ತೋರಿಸಿದರು. ಹೊಸ ಪ್ಲಾಸ್ಟಿಕ್‌ಗೆ ಅವು ತಿರುಗಿಯೂ ನೋಡಲಿಲ್ಲ. ಪಾಚಿ ಕಟ್ಟಿದ ಪ್ಲಾಸ್ಟಿಕ್ ವಾಸನೆಗೆ ಮಾತ್ರ ನಿಜವಾದ ಊಟಕ್ಕೆ ಮೂಗು ಎತ್ತುವ ಹಾಗೇ ನೀರಿನ ಮೇಲೆ ಮೂಗು ಎತ್ತಿದವು.

ಇನ್ನೊಂದು ವಿಷಯ ಓದಿದಾಗ ನನಗೆ ನಿದ್ದೆ ಬರಲಿಲ್ಲ. ಆಮೆಯ ಗಂಟಲೊಳಗೆ ಮುಳ್ಳಿನಂಥ ಮೊನೆಗಳು ಸಾಲಾಗಿ ಇರುತ್ತವೆ. ಎಲ್ಲವೂ ಹೊಟ್ಟೆಯ ಕಡೆ ಬಾಗಿರುತ್ತವೆ. ಜಾರುವ ಜೆಲ್ಲಿ ಮೀನು ಬಾಯಿಂದ ಆಚೆ ಹೋಗಬಾರದು ಅಂತ ಈ ಏರ್ಪಾಡು. ಅದೇ ಗಂಟಲಿಗೆ ಕವರ್ ಹೋದರೆ ಬೇಡ ಅನಿಸಿದರೂ ಉಗುಳಲು ಆಗುವುದಿಲ್ಲ. ಕರುಳಿನಲ್ಲಿ ಸಿಕ್ಕಿಕೊಂಡರೆ ಗ್ಯಾಸ್ ತುಂಬುತ್ತದೆ. ಆಗ ಆಮೆ ಮುಳುಗಲಾರದೆ ಮೇಲೇ ತೇಲುತ್ತಾ ಇರುತ್ತದೆ. ಮುಳುಗದಿದ್ದರೆ ಊಟ ಇಲ್ಲ, ದೋಣಿಯ ಪೆಟ್ಟಿನಿಂದ ತಪ್ಪಿಸಿಕೊಳ್ಳಲೂ ಆಗದು. ಹೊಟ್ಟೆಯಲ್ಲಿ 14 ಚೂರು ಸೇರಿದರೆ ಸಾಯುವ ಸಾಧ್ಯತೆ ಅರ್ಧಕ್ಕರ್ಧ ಅಂತ 2018ರ ಒಂದು ಅಧ್ಯಯನ ಲೆಕ್ಕ ಹಾಕಿದೆ.

ಸತ್ತ ಆಮೆಗಳೆಲ್ಲಾ ಪ್ಲಾಸ್ಟಿಕ್‌ನಿಂದಲೇ ಸತ್ತವು ಅಂತ ಮಾತ್ರ ಹೇಳಬಾರದು. 2025ರ ಜನವರಿಯಲ್ಲಿ ಚೆನ್ನೈ ಕಡೆಯ ದಡಕ್ಕೆ ನೂರಾರು ಆಲಿವ್ ರಿಡ್ಲೆ ಆಮೆಗಳ ಹೆಣ ಬಂದವು. ಬೋಟು ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಸಿಕ್ಕಿ ಉಸಿರುಗಟ್ಟಿ ಸತ್ತಿರಬೇಕು ಅನ್ನುವುದೇ ಅಲ್ಲಿ ಮುಖ್ಯ ಅನುಮಾನವಾಗಿತ್ತು. ಆಮೆಗೆ ಒಂದು ಕಡೆ ಬಲೆ, ಇನ್ನೊಂದು ಕಡೆ ಕವರ್. ಮೊಟ್ಟೆ ಇಡಲು ದಡಕ್ಕೆ ಬಂದರೆ ದೀಪ, ನಾಯಿ. ಇಷ್ಟರ ಮಧ್ಯೆ ಅದು ಬದುಕಬೇಕು.

ಹವಳದ ಮೇಲೂ ಪೆಟ್ಟು ಬೀಳುತ್ತಿದೆ. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಬಹಳ ಜನರಿಗೆ ಗೊತ್ತೇ ಇಲ್ಲ. ಏಷ್ಯಾ ಪೆಸಿಫಿಕ್ ಕಡೆಯ 159 ಹವಳದ ದಿಬ್ಬಗಳನ್ನು ನೋಡಿ 2018ರಲ್ಲಿ ಬರೆದ ವರದಿಯ ಪ್ರಕಾರ, ಪ್ಲಾಸ್ಟಿಕ್ ತಾಗದ ಹವಳಕ್ಕೆ ರೋಗ ಬರುವ ಸಾಧ್ಯತೆ ಶೇ. 4. ತಾಗಿದ ಹವಳಕ್ಕೆ ಶೇ. 89. ಪ್ಲಾಸ್ಟಿಕ್ ಅದರ ಮೈ ಗೀರುತ್ತದೆ, ಬೆಳಕು ತಡೆಯುತ್ತದೆ. ಆ ಗಾಯದಲ್ಲಿ ರೋಗ ಸೇರಿಕೊಳ್ಳುತ್ತದೆ.

ಕರಾವಳಿ ಹುಡುಗ, ಪೀಣ್ಯ

ನಾನು ಇಲ್ಲಿ ಲೇತ್ ಮೆಷಿನ್ ಕೆಲಸದಲ್ಲಿದ್ದೇನೆ. ನಮ್ಮದು ಮೀನುಗಾರರ ಮನೆ. ಅಣ್ಣ ಟ್ರಾಲ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವನು. ಬಲೆಯ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಂಗೇರಿ ಸರ್ ಹೇಳಿದ್ದು ಸುಳ್ಳಲ್ಲ. ಹರಿದ ಬಲೆಯ ತುಂಡುಗಳು ನಮ್ಮವರ ಕೈಯಿಂದಲೂ ಕಡಲಿಗೆ ಬೀಳುತ್ತವೆ. ಅಜ್ಜನ ಕಾಲದಲ್ಲಿ ಹತ್ತಿಯ ನೂಲಿನ ಬಲೆ ಇತ್ತು. ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದರು. ಕಡಲಿಗೆ ಬಿದ್ದರೆ ಕೊಳೆತು ಹೋಗುತ್ತಿತ್ತು. ನೈಲಾನ್ ಕೊಳೆಯುವುದಿಲ್ಲ. ಕಲ್ಲಿಗೆ ಸಿಕ್ಕಿ ಕಡಿದು ಹೋದ ಬಲೆ ಅಲ್ಲೇ ನಿಂತು ಮೀನು ಹಿಡಿಯುತ್ತಾ ಇರುತ್ತದೆ. ಎತ್ತುವವರಿಲ್ಲ, ತಿನ್ನುವವರಿಲ್ಲ. ಸಿಕ್ಕ ಮೀನನ್ನು ತಿನ್ನಲು ಏಡಿ ಬರುತ್ತದೆ, ಏಡಿಯೂ ಸಿಕ್ಕುತ್ತದೆ. ಬೇಕೆಂದು ಯಾರೂ ಬಿಡುವುದಿಲ್ಲ. ಒಂದು ಬಲೆ ಹೋದರೆ ಮನೆಯೇ ಅಲುಗಾಡುತ್ತದೆ, ಅಷ್ಟು ದುಡ್ಡು ಅದಕ್ಕೆ.

ಕಳೆದ ವರ್ಷ ನಾನೂ ಒಂದು ಟ್ರಿಪ್ ಹೋಗಿದ್ದೆ. ಬಲೆ ಎತ್ತಿ ತುದಿಯ ಗಂಟು ಬಿಚ್ಚಿದಾಗ ಬೋಟಿನ ಮೇಲೆ ಎಲ್ಲಾ ಸುರಿಯುತ್ತದೆ. ಸೀಗಡಿ, ಸಣ್ಣ ಮೀನು, ಅದರ ಜೊತೆ ಎಣ್ಣೆ ಪ್ಯಾಕೆಟ್, ಹಾಲಿನ ಪ್ಯಾಕೆಟ್, ಚಾಕಲೇಟ್ ಪೇಪರ್. ಬೋಟಿನ ಕೆಲಸದವರಾದ ಕಲಾಸಿಗಳು ಕೂತು ಆರಿಸುತ್ತಾರೆ. ಒಂದು ಶಾಂಪೂ ಸ್ಯಾಶೆ ಕೈಗೆ ಬಂತು. ಒಳಗೆ ಬೆರಳಿನ ಉಗುರಿನಷ್ಟು ಏಡಿ ಕೂತಿತ್ತು. ಒಳಗೆ ಹೋಗಿದ್ದು ಚಿಕ್ಕದಿರುವಾಗ. ದೊಡ್ಡದಾದ ಮೇಲೆ ಹೊರಗೆ ಬರಲು ಆಗಿಲ್ಲ. ಅಣ್ಣ ಕತ್ತರಿಯಿಂದ ಕತ್ತರಿಸಿ ಬಿಟ್ಟ.

ಆರಿಸಿದ ಕಸವನ್ನು ಏನು ಮಾಡುತ್ತಾರೆ ಅಂತ ಕೇಳಬೇಡಿ. ದಡಕ್ಕೆ ತಂದರೆ ಹಾಕಲು ಜಾಗ ಇಲ್ಲ. ತಿರುಗಿ ಕಡಲಿಗೇ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಕೇರಳದಲ್ಲಿ ದಾರಿ ಹುಡುಕಿದ್ದಾರೆ. 2017ರಲ್ಲಿ ಕೊಲ್ಲಂ ಹತ್ತಿರ ಶುಚಿತ್ವ ಸಾಗರಂ ಅಂತ ಶುರುಮಾಡಿದರು. ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಬೋಟಿನವರು ಚೀಲದಲ್ಲಿ ತುಂಬಿ ದಡಕ್ಕೆ ತರುತ್ತಾರೆ. ಅಲ್ಲಿ ಹೆಂಗಸರು ತೊಳೆದು ಬೇರ್ಪಡಿಸುತ್ತಾರೆ. ಪುಡಿ ಮಾಡಿ ರಸ್ತೆಯ ಡಾಂಬರಿಗೆ ಸೇರಿಸುತ್ತಾರೆ. ಬೋಟುಗಳು ನಿಲ್ಲುವ ನಮ್ಮ ಪ್ರತಿ ದಕ್ಕೆಯಲ್ಲೂ ಇಂಥದ್ದೊಂದು ಶೆಡ್ ಬೇಕು.

ಜೆಪಿ ನಗರ ಅಜ್ಜಿ

ಆ ಏಡಿ ಬದುಕಿತಾ ಮಗಾ?

ಕರಾವಳಿ ಹುಡುಗ, ಪೀಣ್ಯ

ನೀರಿಗೆ ಬಿಟ್ಟಾಗ ಕಾಲು ಆಡಿಸುತ್ತಿತ್ತು ಅಜ್ಜಿ. ಆಮೇಲೆ ಏನಾಯಿತೋ ಗೊತ್ತಿಲ್ಲ.

ವಾರ್ಡಿನ ಒಣ ಕಸ ಕೇಂದ್ರ

ಹುಡುಗ ಹೇಳಿದ ಪಟ್ಟಿ ನೋಡಿ. ಎಣ್ಣೆ ಪ್ಯಾಕೆಟ್, ಚಾಕಲೇಟ್ ಪೇಪರ್, ಶಾಂಪೂ ಸ್ಯಾಶೆ. ನೀರಿನ ಬಾಟಲಿ ಅದರಲ್ಲಿ ಇಲ್ಲ. ಇದು ಸುಮ್ನೆ ಆಗಿದ್ದಲ್ಲ, ಇದಕ್ಕೆ ಕಾರಣ ಇದೆ.

ಬಾಟಲಿಗೆ ಬೆಲೆ ಇದೆ. ರಸ್ತೆಯಲ್ಲಿ ಬಿದ್ದರೆ ಸಂಜೆಯೊಳಗೆ ಯಾರಾದರೂ ಆಯುವವರು ಎತ್ತಿಕೊಳ್ಳುತ್ತಾರೆ. ದಪ್ಪ ಡಬ್ಬ, ಮುರಿದ ಬಕೆಟ್ ಎಲ್ಲಾ ಮಾರಾಟವಾಗುತ್ತದೆ. ಹಾಲಿನ ಕವರನ್ನು ತೊಳೆದು ಒಣಗಿಸಿ ಕೊಟ್ಟರೆ ಅದೂ ಹೋಗುತ್ತದೆ. ಆದರೆ ಚಿಪ್ಸ್ ಪ್ಯಾಕೆಟ್, ಸ್ಯಾಶೆ, ಗುಟ್ಕಾ ಚೀಟಿಗೆ ಗುಜರಿಯಲ್ಲಿ ಒಂದು ಪೈಸೆ ಇಲ್ಲ. ಪ್ಲಾಸ್ಟಿಕ್ ಪದರ, ಅಲ್ಯೂಮಿನಿಯಂ ಪದರ ಎರಡನ್ನೂ ಅಂಟಿಸಿರುತ್ತಾರೆ. ಬಿಡಿಸಲು ಆಗುವುದಿಲ್ಲ. ನಮ್ಮ ಕೇಂದ್ರಕ್ಕೆ ಬಂದರೆ ಬೇಲ್ ಕಟ್ಟಿ ಸಿಮೆಂಟ್ ಕಾರ್ಖಾನೆಗೆ ಉರಿಸಲು ಕಳಿಸುತ್ತೇವೆ. ರಸ್ತೆಯಲ್ಲಿ ಬಿದ್ದರೆ ಯಾರೂ ಬಗ್ಗಿ ಎತ್ತುವುದಿಲ್ಲ. ಬೆಲೆ ಇಲ್ಲದ ಪ್ಲಾಸ್ಟಿಕ್ಕೇ ಮಳೆಗೆ ರಾಜಕಾಲುವೆ ಸೇರುವುದು. ಜನರಿಗೆ ಬುದ್ಧಿ ಹೇಳುವುದು ಒಂದು ಕಡೆ ಇರಲಿ. ಯಾರೂ ಎತ್ತದ ಪ್ಯಾಕೆಟ್ ಮಾಡುವುದನ್ನೇ ನಿಲ್ಲಿಸಬೇಕು ಅಂತ ನನ್ನ ಅಭಿಪ್ರಾಯ.

ಟೀಚರ್, ಮಕ್ಕಳಿಗೆ ಹೇಳಿಕೊಡಲು ಒಂದು ಸಣ್ಣ ವಿಷಯ. ಹಾಲಿನ ಪ್ಯಾಕೆಟ್ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಆ ಚೂರು ಕಡಲೆಬೀಜದಷ್ಟು ಇರುತ್ತದೆ. ಸಿಂಕಿಗೆ ಬೀಳುತ್ತದೆ, ಇಲ್ಲ ಪೊರಕೆಗೆ ಸಿಕ್ಕಿ ಹಸಿ ಕಸಕ್ಕೆ ಹೋಗುತ್ತದೆ. ನಮ್ಮ ಕೈಗೆ ಬರುವುದೇ ಇಲ್ಲ. ಅರ್ಧ ಕತ್ತರಿಸಿ, ಮೂಲೆ ಕವರಿಗೆ ಅಂಟಿಕೊಂಡೇ ಇರಲಿ.

ಕೆಂಗೇರಿ ಉಪನಗರ

ಒಂದು ದಿನ ಕೂತು ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ, ಹೇಳಿಕೊಳ್ಳಲು ನಾಚಿಕೆ ಇಲ್ಲ. ನಾನು ಕವರ್ ಒಂದನ್ನೇ ಲೆಕ್ಕ ಹಾಕುತ್ತಿದ್ದೆ. ಕಾಣದೇ ಇರುವುದು ಇನ್ನೂ ಜಾಸ್ತಿ ಇದೆ.

ಟೈರು ಸವೆಯುತ್ತದೆ ಅಲ್ವಾ, ಆ ಪುಡಿಯೂ ಮೈಕ್ರೋಪ್ಲಾಸ್ಟಿಕ್ಕೇ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಮಳೆ ಬಂದಾಗ ರಸ್ತೆಯ ಕಪ್ಪು ನೀರು ನೇರವಾಗಿ ಕಾಲುವೆಗೆ. ಟೈರಿಗೆ ಹಾಕುವ ಒಂದು ರಾಸಾಯನಿಕ ಗಾಳಿಗೆ ಬದಲಾಗಿ ವಿಷವಾಗುತ್ತದೆ, ಅದರಿಂದಲೇ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿವೆ ಅಂತ 2020ರಲ್ಲಿ ಕಂಡುಹಿಡಿದರು. ಮಳೆ ಬಂದ ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವಂತೆ. ಇದನ್ನು ಓದಿದ ಮೇಲೆ ಮೈಸೂರು ರಸ್ತೆಯ ಮಳೆ ನೀರು ಮೊದಲಿನ ಹಾಗೆ ಕಾಣುತ್ತಿಲ್ಲ.

ಬಟ್ಟೆಯೂ ಹಾಗೇ. 6 ಕೆಜಿ ಅಕ್ರಿಲಿಕ್ ಬಟ್ಟೆಯನ್ನು ಮೆಷಿನ್‌ನಲ್ಲಿ ಒಂದು ಸಲ ಒಗೆದರೆ 7 ಲಕ್ಷಕ್ಕೂ ಹೆಚ್ಚು ಎಳೆಗಳು ಉದುರಬಹುದು ಅಂತ ಇಂಗ್ಲೆಂಡಿನಲ್ಲಿ 2016ರಲ್ಲಿ ಲೆಕ್ಕ ಹಾಕಿದ್ದಾರೆ. ಶುದ್ಧೀಕರಣ ಘಟಕ ಬಹಳಷ್ಟನ್ನು ಹಿಡಿಯುತ್ತದೆ, ಆದರೆ ಹಿಡಿದದ್ದು ಕೆಸರಿನಲ್ಲಿ ಉಳಿಯುತ್ತದೆ. ಕೆಸರು ಹೊಲಕ್ಕೆ ಗೊಬ್ಬರವಾಗಿ ಹೋದರೆ ಮತ್ತೆ ಮಣ್ಣು, ಮತ್ತೆ ಮಳೆ.

ಮಲ್ಲೇಶ್ವರ ಮೀನುಪ್ರಿಯ

ವಿದ್ಯಾರ್ಥಿನಿ ಮೇಡಂ, ಒಂದೇ ಪ್ರಶ್ನೆ. ವಾರಕ್ಕೆ ಎರಡು ದಿನ ನಮ್ಮ ಮನೆಯಲ್ಲಿ ಬಂಗುಡೆ, ಬೂತಾಯಿ. ಬಿಡಬೇಕಾ?

ಕಡಲ ವಿದ್ಯಾರ್ಥಿನಿ

ಬಿಡಬೇಕಾಗಿಲ್ಲ ಸರ್. ಮೀನು ನುಂಗಿದ ಪ್ಲಾಸ್ಟಿಕ್ ಹೆಚ್ಚಾಗಿ ಹೊಟ್ಟೆ, ಕರುಳಿನಲ್ಲಿ ಇರುತ್ತದೆ. ನಾವು ಅದನ್ನು ತೆಗೆದೇ ಸಾರು ಮಾಡುತ್ತೇವೆ. ಇಡಿಯಾಗಿ ತಿನ್ನುವ ಸಣ್ಣ ಒಣ ಮೀನು, ಮರುವಾಯಿ, ಪಚ್ಚಿಲೆಯಂಥ ಚಿಪ್ಪಿನ ಜೀವಿಗಳಿಗೆ ಇದು ಅನ್ವಯಿಸುವುದಿಲ್ಲ. ಪಚ್ಚಿಲೆ ಇಡೀ ದಿನ ನೀರನ್ನು ಸೋಸಿ ಬದುಕುವ ಜೀವಿ. ನೀರಿನಲ್ಲಿ ಏನಿದೆಯೋ ಅದು ಅದರೊಳಗೂ ಇರುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ನಮ್ಮ ತಟ್ಟೆಯದ್ದಲ್ಲ, ಬೂತಾಯಿಯ ತಟ್ಟೆಯದ್ದು. ಅದು ತಿನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣ ತೇಲುವ ಜೀವಿಗಳನ್ನು. ಆ ಜೀವಿಗಳೂ ಪ್ಲಾಸ್ಟಿಕ್ ಪುಡಿ ನುಂಗುತ್ತವೆ. ಹೊಟ್ಟೆ ತುಂಬಿದ ಹಾಗೆ ಆಗುತ್ತದೆ, ಶಕ್ತಿ ಮಾತ್ರ ಸಿಗುವುದಿಲ್ಲ. ಇನ್ನು ಹಡಗಿನಲ್ಲಿ ಹೋಗುವ ಪ್ಲಾಸ್ಟಿಕ್ ಕಾಳುಗಳು. ಬಕೆಟ್, ಬಾಟಲಿ ಎಲ್ಲವನ್ನೂ ಮಾಡುವುದು ಅದರಿಂದಲೇ. ಸಬ್ಬಕ್ಕಿ ಹಾಗೆ ಇರುತ್ತವೆ, ಮೀನಿಗೆ ಅವು ಮೊಟ್ಟೆ ಥರ ಕಾಣುತ್ತವೆ. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಹಡಗು ಸುಟ್ಟು ಮುಳುಗಿದಾಗ ಸುಮಾರು 1,680 ಟನ್ ಕಾಳು ಕಡಲಿಗೆ ಚೆಲ್ಲಿತು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗಲೂ ಕೇರಳದ ದಡದ ಮರಳಿಗೆ ಇವೇ ಬಂದವು. ಒಂದೊಂದನ್ನೇ ಜರಡಿ ಹಿಡಿದು ಆರಿಸಬೇಕು.

ಪ್ಲಾಸ್ಟಿಕ್ ಬಗ್ಗೆ ಎಲ್ಲಾ ದೇಶಗಳೂ ಸೇರಿ ಒಪ್ಪಂದ ಮಾಡಬೇಕು ಅಂತ 2022ರಲ್ಲಿ ನೈರೋಬಿಯಲ್ಲಿ ತೀರ್ಮಾನವಾಯಿತು. ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಸಭೆ ಸೇರಿದಾಗ ಒಪ್ಪಂದ ಆಗಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಆಗಲಿಲ್ಲ. ಎಷ್ಟು ತಯಾರಿಸಬೇಕು ಅನ್ನುವುದಕ್ಕೆ ಮಿತಿ ಹಾಕಬೇಕಾ ಬೇಡವಾ ಅನ್ನುವಲ್ಲೇ ಮಾತು ನಿಂತಿದೆ.

ಗಾಂಧಿ ಬಜಾರ್ ಸೊಪ್ಪಿನಂಗಡಿ

ನಮಸ್ಕಾರ. ನಮ್ಮಮ್ಮ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ.

ಕವರ್ ಕೊಡಬೇಡಿ ಅಂತ ಎಲ್ಲರೂ ನಮಗೆ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ 2016ರಿಂದ ಕವರ್ ಬಂದ್ ಆಗಿದೆ, ನಮಗೂ ಗೊತ್ತು. ಹತ್ತು ರೂಪಾಯಿ ಕೊತ್ತಂಬರಿ ತೆಗೆದುಕೊಂಡು ಕವರ್ ಕೇಳುತ್ತಾರೆ. ಇಲ್ಲ ಅಂದರೆ ಸೊಪ್ಪು ಅಲ್ಲೇ ಇಟ್ಟು ಮುಂದಿನ ಅಂಗಡಿಗೆ ಹೋಗುತ್ತಾರೆ. ದಂಡ ಹಾಕುವವರು ಬಂದರೆ ದಂಡ ನನಗೆ, ಕೇಳಿದವರಿಗಲ್ಲ. ಬಟ್ಟೆ ಥರ ಕಾಣುವ ತೆಳು ಬ್ಯಾಗ್ ತಂದಿಟ್ಟೆ. ಅದೂ ಪ್ಲಾಸ್ಟಿಕ್ಕೇ ಅಂತ ಆಮೇಲೆ ಗೊತ್ತಾಯಿತು. ಮೊದಲೆಲ್ಲ ಬಾಳೆ ನಾರಿನಲ್ಲಿ ಕಟ್ಟಿ ಕೊಡುತ್ತಿದ್ದೆವು, ಜನ ಕೈಯಲ್ಲೇ ಹಿಡಿದುಕೊಂಡು ಹೋಗುತ್ತಿದ್ದರು. ಈಗಲೂ ನಾರು ಇಟ್ಟಿದ್ದೇನೆ. ಕಾರ್ತಿಕದ ಕಡಲೆಕಾಯಿ ಪರಿಷೆಗೆ ಜನ ಚೀಲ ತರುವುದನ್ನು ನೋಡಿದ್ದೇನೆ. ಪರಿಷೆಗೆ ತರುವವರು ಸೋಮವಾರ ಸೊಪ್ಪಿಗೂ ತರಬಹುದು.

ಬಸವನಗುಡಿ ಟೀಚರ್

ಎಲ್ಲರಿಗೂ ಋಣಿ. ಮಗಳನ್ನು ಕೂರಿಸಿಕೊಂಡು ಪೂರ್ತಿ ಓದಿದೆವು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು ಅಂತ ಅವಳಿಗೆ ಹೇಳಿದೆ. ಆ ಆಮೆಗೆ ಸುತ್ತಿದ ಬಲೆ ನಮ್ಮದಲ್ಲ, ಆದರೆ ಇನ್ನೊಂದು ಸಮುದ್ರದ ಆಮೆಗೆ ನಮ್ಮದು ಸಿಗುತ್ತದೆ ಅಂದೆ. ಅವಳು ಡ್ರಾಯಿಂಗ್ ಪುಸ್ತಕದಲ್ಲಿ ನೀರಿನ ದಾರಿ ಬರೆದಿದ್ದಾಳೆ. ಬಸವಣ್ಣನಿಂದ ಪೂಂಪುಹಾರ್ ತನಕ ಹೋಗಲು ಎರಡು ಹಾಳೆ ಅಂಟಿಸಬೇಕಾಯಿತು.

ಭಾನುವಾರ ನಮ್ಮ ಬೀದಿಯ ನಾಲ್ಕು ಮನೆಯವರು ಸೇರಿ ಮನೆ ಮುಂದಿನ ಚರಂಡಿಯ ಜಾಲರಿ ತೆಗೆದು ನೋಡಿದೆವು. ಒಣ ಕಸ ಕೇಂದ್ರದವರು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಬಾಟಲಿ ಒಂದೂ ಇರಲಿಲ್ಲ. ಮುಚ್ಚಳಗಳಿದ್ದವು, ಸ್ಯಾಶೆ, ಚಿಪ್ಸ್ ಪ್ಯಾಕೆಟ್, ಹುಟ್ಟುಹಬ್ಬದ ಬಲೂನಿನ ಚೂರುಗಳಿದ್ದವು. ಮಗಳು ಹಾಲಿನ ಪ್ಯಾಕೆಟ್ ಮೂಲೆಗಳನ್ನೇ ಹುಡುಕಿ ಟಿಫನ್ ಡಬ್ಬದ ಮುಚ್ಚಳದಲ್ಲಿ ಜೋಡಿಸಿದಳು. ನೀಲಿ ಅಂಚಿನವು ನಮ್ಮ ಮನೆಯವೇ. ನಾವು ತೆಗೆದುಕೊಳ್ಳುವ ಹಾಲಿನದ್ದೇ ಬಣ್ಣ. ಅವಳು ಅವನ್ನು ಎಸೆಯಲು ಬಿಡುತ್ತಿಲ್ಲ, ಸ್ಕೂಲಿಗೆ ಒಯ್ಯುತ್ತಾಳಂತೆ.

ಪೀಣ್ಯದ ತಮ್ಮ, ನಿಮ್ಮ ಅಣ್ಣನ ಊರಿನ ದಕ್ಕೆಗೆ ಶೆಡ್ ಬೇಕು ಅಂತ ಮನವಿ ಬರೆಯುವುದಾದರೆ ಹೇಳಿ. ಅರ್ಜಿ ನಾನು ಬರೆದುಕೊಡುತ್ತೇನೆ. ಸಹಿ ಹಾಕಲು ಇಲ್ಲಿ ಇಷ್ಟು ಜನ ಇದ್ದೇವೆ.

ಸೊಪ್ಪಿನಂಗಡಿ ಅಕ್ಕ, ಸೋಮವಾರ ಬೆಳಗ್ಗೆ ಬರುತ್ತೇನೆ. ಹಳೇ ಸೀರೆಯಲ್ಲಿ ಆರು ಚೀಲ ಹೊಲಿದಿದ್ದೇನೆ. ಒಂದು ನನಗೆ. ಐದು ನಿಮ್ಮ ಅಂಗಡಿಯ ಮೊಳೆಗೆ ನೇತುಹಾಕಿ, ಮರೆತು ಬಂದವರು ಒಯ್ದು ಮಾರನೇ ದಿನ ವಾಪಸ್ ತಂದಿಡಲಿ.